ಡಿಮೆನ್ಶಿಯಾ ಸಂಶೋಧನೆಗೆ ಮಣಿಕಟ್ಟಿನ ಸೆನ್ಸರ್: ಆಕ್ಸಿವಿಟಿ ಎಎಕ್ಸ್3 ಕೊಳ್ಳುವ ಮುಂಚೆ

ವಯಸ್ಸಾದವರ ಓಡಾಟ, ನಿದ್ದೆ, ಮರೆವು ಇವುಗಳ ಸಂಬಂಧ ಹುಡುಕಬೇಕು ಅಂದ ತಕ್ಷಣ ಹೆಚ್ಚಿನ ತಂಡಗಳು ಸ್ಮಾರ್ಟ್‌ವಾಚ್‌ಗೆ ಕೊಟೇಶನ್ ತರಿಸಿಬಿಡುತ್ತವೆ. ಆ ಆರ್ಡರ್ ಹಾಕುವ ಮುಂಚೆ ಆಕ್ಸಿವಿಟಿ ಎಎಕ್ಸ್3 ಅನ್ನೋ ಪುಟ್ಟ ಡಬ್ಬಿಯನ್ನು ಒಮ್ಮೆ ನೋಡಿ. ಪರದೆ ಇಲ್ಲ, ಗುಂಡಿ ಇಲ್ಲ, ಮೊಬೈಲ್ ಆ್ಯಪ್ ಇಲ್ಲ. 11 ಗ್ರಾಂ ತೂಕ, 23 ಮಿ.ಮೀ. ಅಗಲ, 32.5 ಮಿ.ಮೀ. ಉದ್ದ, 7.6 ಮಿ.ಮೀ. ದಪ್ಪ. ಒಳಗಿರುವ ಮುಖ್ಯ ಭಾಗ ಮೂರು ದಿಕ್ಕಿನ ಚಲನೆ ಅಳೆಯುವ ಆಕ್ಸಿಲರೋಮೀಟರ್. ಜೊತೆಗೆ ಉಷ್ಣತೆ ಮತ್ತು ಬೆಳಕಿನ ಸೆನ್ಸರ್, 512 ಎಂಬಿ ಮೆಮೊರಿ, ಒಂದು ಬ್ಯಾಟರಿ. ಅಷ್ಟೇ. ಮಿದುಳಿನ ಮುಪ್ಪನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನಕ್ಕೆ ಇದು ಸ್ಮಾರ್ಟ್‌ವಾಚ್‌ಗಿಂತ ಒಳ್ಳೆಯ ಆಯ್ಕೆ ಎಂಬುದು ನಮ್ಮ ಖಚಿತ ಅಭಿಪ್ರಾಯ. ಆದರೆ ನಮ್ಮ ಊರುಗಳಲ್ಲಿ, ನಮ್ಮ ಅಜ್ಜ ಅಜ್ಜಿಯರ ಕೈಗೆ ಇದನ್ನು ಕಟ್ಟುವಾಗ ಕಂಪನಿಯ ಕೈಪಿಡಿಯಲ್ಲಿಲ್ಲದ ಹಲವು ವಿಷಯ ಗೊತ್ತಿರಬೇಕು.

ಇದು ಇಂಗ್ಲೆಂಡಿನ ನ್ಯೂಕಾಸಲ್ ವಿಶ್ವವಿದ್ಯಾಲಯದ ಕೆಲಸದಿಂದ ಹುಟ್ಟಿದ ಸಾಧನ. ವಿನ್ಯಾಸ, ಫರ್ಮ್‌ವೇರ್ (ಸಾಧನದೊಳಗೆ ಓಡುವ ತಂತ್ರಾಂಶ), ಫೈಲ್ ರಚನೆ ಎಲ್ಲವೂ ಓಪನ್ ಸೋರ್ಸ್, ಅಂದರೆ ಎಲ್ಲರಿಗೂ ತೆರೆದಿಟ್ಟದ್ದು. ಇದಕ್ಕೆ ಹೆಸರು ತಂದುಕೊಟ್ಟದ್ದು ಯುಕೆ ಬಯೋಬ್ಯಾಂಕ್ ಎಂಬ ಬ್ರಿಟನ್ನಿನ ದೊಡ್ಡ ಆರೋಗ್ಯ ಅಧ್ಯಯನ. ಅಲ್ಲಿ 2013ರಿಂದ 2015ರವರೆಗೆ ಒಂದು ಲಕ್ಷಕ್ಕೂ ಹೆಚ್ಚು ಜನರಿಗೆ ಅಂಚೆಯಲ್ಲಿ ಕಳಿಸಿ, ಹೆಚ್ಚು ಬಳಸುವ ಕೈಗೆ 7 ದಿನ ಕಟ್ಟಿಸಿ, ಅಂಚೆಯಲ್ಲೇ ವಾಪಸ್ ತರಿಸಿಕೊಂಡರು.

ಆ ದಾಖಲೆಗಳು ಇವತ್ತಿಗೂ ಹೊಸದಾಗಿ ಉಪಯೋಗಕ್ಕೆ ಬರುತ್ತಿರುವುದೇ ಎಎಕ್ಸ್3ನ ನಿಜವಾದ ಬೆಲೆ. ಸ್ಮಾರ್ಟ್‌ವಾಚ್ ನಿಮಗೆ ಕೊಡುವುದು ಕಂಪನಿ ಲೆಕ್ಕ ಹಾಕಿಟ್ಟ ‘ಹೆಜ್ಜೆ’, ‘ನಿದ್ದೆ’. ಆ ಲೆಕ್ಕದ ಸೂತ್ರ ಗುಟ್ಟು. ಒಂದು ಸಾಫ್ಟ್‌ವೇರ್ ಅಪ್‌ಡೇಟ್ ಬಂದರೆ ಸೂತ್ರ ಬದಲಾಗಬಹುದು, ಅದು ನಿಮ್ಮ ಗಮನಕ್ಕೆ ಬರುವುದೂ ಇಲ್ಲ. ಒಬ್ಬ ಅಜ್ಜಿಯ ನಿದ್ದೆ ಮೂರು ವರ್ಷದಲ್ಲಿ ಕೆಟ್ಟಿತೋ ಸೂತ್ರ ಬದಲಾಯಿತೋ ಎಂದು ಬೇರೆ ಮಾಡಿ ಹೇಳಲು ಆಮೇಲೆ ದಾರಿಯೇ ಇರುವುದಿಲ್ಲ. ಎಎಕ್ಸ್3 ಸೆಕೆಂಡಿಗೆ 100 ಸಲ ಅಳೆದ ಕಚ್ಚಾ ಅಂಕಿಗಳನ್ನೇ ಕೊಡುತ್ತದೆ. ಹೊಸ ಸೂತ್ರ ಬಂದಾಗ ಹಳೆಯ ಫೈಲನ್ನೂ ಹೊಸ ಫೈಲನ್ನೂ ಒಂದೇ ಸೂತ್ರಕ್ಕೆ ಹಾಕಬಹುದು. 2022ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಬಯೋಬ್ಯಾಂಕಿನ 78,430 ಜನರ ಇದೇ ಫೈಲುಗಳಿಂದ ಹೆಜ್ಜೆ ಎಣಿಸಿತು. ತೀರ ಕಡಿಮೆ ನಡೆಯುವವರಿಗೆ ಹೋಲಿಸಿದರೆ, ದಿನಕ್ಕೆ ಸುಮಾರು 3,800 ಹೆಜ್ಜೆ ನಡೆಯುವವರಲ್ಲಿ ಡಿಮೆನ್ಶಿಯಾ (ಮರೆವಿನ ಕಾಯಿಲೆ) ಬರುವ ಅಪಾಯ ಸುಮಾರು ಶೇ 25ರಷ್ಟು ಕಡಿಮೆ, 9,800ರ ಆಸುಪಾಸಿನಲ್ಲಿ ಶೇ 50ರಷ್ಟು ಕಡಿಮೆ ಕಂಡಿತು. ನಡೆದರೆ ಮರೆವು ಬರುವುದಿಲ್ಲ ಎಂದು ಇದರಿಂದ ಸಾಬೀತಾಗುವುದಿಲ್ಲ. ಕಾಯಿಲೆ ಬರುವ ಎಷ್ಟೋ ವರ್ಷ ಮುಂಚೆಯೇ ನಡಿಗೆ ತಗ್ಗುವ ಸಾಧ್ಯತೆಯೂ ಇದೆ. ಆದರೆ ಸೆನ್ಸರ್ ಕಟ್ಟಿ ಹಲವು ವರ್ಷವಾದ ಮೇಲೆ ಹೊಸ ಪ್ರಶ್ನೆ ಕೇಳಲು ಸಾಧ್ಯವಾದದ್ದು ಕಚ್ಚಾ ಅಂಕಿ ಉಳಿದಿದ್ದರಿಂದ.

ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಬ್ರೈನ್ ರಿಸರ್ಚ್ 45 ದಾಟಿದ 10,000 ಜನರ ಗುರಿ ಇಟ್ಟುಕೊಂಡು ನಡೆಸುತ್ತಿರುವ ಸಾನ್ಸ್‌ಕಾಗ್ ಥರದ ಅಧ್ಯಯನಗಳಲ್ಲಿ ಅದೇ ವ್ಯಕ್ತಿಯನ್ನು ಮತ್ತೆ ಮತ್ತೆ ಪರೀಕ್ಷಿಸುತ್ತಾರೆ. ಇಂಥ ಕಡೆ ಸೆನ್ಸರ್ ಸೇರಿಸುವ ಯೋಚನೆ ಯಾರಿಗಾದರೂ ಇದ್ದರೆ ಮೊದಲ ಷರತ್ತು ಕಚ್ಚಾ ದತ್ತಾಂಶ ಕೈಗೆ ಸಿಗಬೇಕು ಎಂಬುದೇ ಆಗಿರಲಿ.

ಇನ್ನು ಬಳಕೆ. ಓಎಂಜಿಯುಐ ಎಂಬ ಉಚಿತ ತಂತ್ರಾಂಶದಿಂದ ಸಾಧನವನ್ನು ಸಿದ್ಧಪಡಿಸಬೇಕು. ಅದು ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ. ಲಿನಕ್ಸ್‌ನಲ್ಲಿ ಎಎಕ್ಸ್3 ಪೆನ್‌ಡ್ರೈವ್‌ನಂತೆ ತೆರೆದುಕೊಳ್ಳುವುದರಿಂದ ಫೈಲ್ ನಕಲು ಮಾಡಿಕೊಳ್ಳಬಹುದು, ಸಿದ್ಧತೆಗೆ ಮಾತ್ರ ವಿಂಡೋಸ್ ಇದ್ದರೆ ಸಲೀಸು. ಬ್ಯಾಟರಿ ಶೇ 90 ದಾಟಿದ ಮೇಲೆಯೇ ಶುರು ಮಾಡಿ. ಕಂಪ್ಯೂಟರಿನ ಗಡಿಯಾರ ಸರಿ ಇದೆಯೇ ನೋಡಿ, ಯಾಕೆಂದರೆ ಸಾಧನ ತನ್ನ ಸಮಯವನ್ನು ಅಲ್ಲಿಂದಲೇ ತೆಗೆದುಕೊಳ್ಳುತ್ತದೆ. ವೇಗ 100 ಹರ್ಟ್ಸ್ (ಸೆಕೆಂಡಿಗೆ 100 ಸಲ), ವ್ಯಾಪ್ತಿ ±8 ಜಿ (1 ಜಿ ಅಂದರೆ ಭೂಮಿಯ ಸೆಳೆತದಷ್ಟು) ಇಡಿ. ಬಯೋಬ್ಯಾಂಕ್ ಬಳಸಿದ್ದೂ ಇದೇ, ಹೋಲಿಕೆಗೆ ಅನುಕೂಲ. ‘ಅನ್‌ಪ್ಯಾಕ್ಡ್’ ಆಯ್ಕೆಯನ್ನು ಬಿಟ್ಟುಬಿಡಿ. ಪ್ಯಾಕ್ ಆದ ರೂಪದಲ್ಲಿ 512 ಬೈಟಿನ ಒಂದು ಬ್ಲಾಕಿನಲ್ಲಿ 120 ಅಳತೆ ಹಿಡಿಯುತ್ತವೆ, ಅನ್‌ಪ್ಯಾಕ್ಡ್ ಆದರೆ 80 ಮಾತ್ರ. 7 ದಿನಕ್ಕೆ ಮೊದಲನೆಯದು ಸುಮಾರು 258 ಎಂಬಿ, ಎರಡನೆಯದು 387 ಎಂಬಿ. ಅನ್‌ಪ್ಯಾಕ್ಡ್‌ನಲ್ಲಿ ಹತ್ತನೇ ದಿನಕ್ಕೆ ಮೆಮೊರಿ ತುಂಬಿಹೋಗುತ್ತದೆ. ‘ರೆಕಾರ್ಡ್ ಆಗುವಾಗ ಮಿನುಗು’ ಎಂಬ ಆಯ್ಕೆಯನ್ನೂ ಬಿಡಿ. ರಾತ್ರಿ ಕೈಯಲ್ಲಿ ದೀಪ ಮಿನುಗಿದರೆ ನಿದ್ದೆಯನ್ನೇ ಅಳೆಯಲು ಹೋಗಿ ನಿದ್ದೆ ಕೆಡಿಸಿದಂತೆ. ಮರೆವಿನ ಕಾಯಿಲೆ ಇರುವವರಿಗೆ ಅದು ಗಾಬರಿಯನ್ನೂ ಹುಟ್ಟಿಸುತ್ತದೆ.

ಶುರುವಾಗುವ ಹೊತ್ತನ್ನು ಸಾಧನ ಕಟ್ಟಿದ ದಿನದ ಮಧ್ಯರಾತ್ರಿಗೆ ಇಡಿ, ಮುಗಿಯುವುದನ್ನು 9 ದಿನಕ್ಕೆ. 7 ಪೂರ್ತಿ ದಿನ ಸಿಗಲು ಈ ಎರಡು ದಿನದ ಸಡಿಲ ಬೇಕೇ ಬೇಕು. ಸೆಷನ್ ಐಡಿ, ಅಂದರೆ ಪ್ರತಿ ರೆಕಾರ್ಡಿಂಗ್‌ಗೆ ಕೊಡುವ ಗುರುತು, ಬರೀ ಅಂಕಿಯಲ್ಲಿರಲಿ. ಹೆಸರನ್ನಾಗಲಿ ಫೋನ್ ನಂಬರನ್ನಾಗಲಿ ಅಲ್ಲಿ ಹಾಕಬೇಡಿ. ಡಬ್ಬಿಯ ಮೇಲಿನ ಸಂಖ್ಯೆ ಯಾರ ಕೈಗೆ ಹೋಯಿತು ಎಂಬುದು ಬೇರೊಂದು ಪುಸ್ತಕದಲ್ಲಿ, ಬೀಗದೊಳಗೆ ಇರಬೇಕು.

ಹೆಚ್ಚು ನಷ್ಟವಾಗುವುದು ವಾಪಸ್ ಬಂದ ಮೇಲೆ. ಡೌನ್‌ಲೋಡ್ ಮಾಡದೆ ಹೊಸ ರೆಕಾರ್ಡಿಂಗ್‌ಗೆ ಸಿದ್ಧಪಡಿಸಿದರೆ ಹಳೆಯದು ಅಳಿಸಿಹೋಗುತ್ತದೆ, ಮರಳಿ ತರಲಾಗದು. ಡೌನ್‌ಲೋಡ್, ಫೈಲ್ ಗಾತ್ರ ಪರೀಕ್ಷೆ, ಎರಡನೇ ಪ್ರತಿ, ಆಮೇಲೆ ಅಳಿಸುವಿಕೆ: ಈ ಕ್ರಮವನ್ನು ಗೋಡೆಗೆ ಅಂಟಿಸಿ. 7 ದಿನದ ಫೈಲ್ 60 ಎಂಬಿ ಬಂದಿದೆ ಅಂದರೆ ಎರಡನೇ ದಿನವೇ ಏನೋ ಆಗಿದೆ ಎಂದು ಗಾತ್ರ ನೋಡಿಯೇ ಹೇಳಬಹುದು. ಪೂರ್ತಿ ಬರಿದಾದ ಬ್ಯಾಟರಿಯೊಂದಿಗೆ ಕಪಾಟಿನಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದ ಸಾಧನ ಸತ್ತೇ ಹೋಗುವುದುಂಟು. ಅಧ್ಯಯನ ನಿಂತಿರುವ ಕಾಲದಲ್ಲೂ ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಯುಎಸ್‌ಬಿ ಕಿಂಡಿಯಲ್ಲಿ ಬೆವರಿನ ಉಪ್ಪು ಕೂರುತ್ತದೆ. ಒದ್ದೆ ಇರುವಾಗ ಕೇಬಲ್ ಚುಚ್ಚಿದರೆ ಲೋಹ ತಿನ್ನಲು ಶುರುವಾಗುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ಒಂದು ರಾತ್ರಿ ಗಾಳಿಗಿಟ್ಟು ಆಮೇಲೆ ಕೇಬಲ್ ಹಾಕಿ. 1.5 ಮೀಟರ್ ನೀರಿನವರೆಗೆ ತೊಂದರೆ ಇಲ್ಲದ್ದರಿಂದ ಸ್ನಾನಕ್ಕೆ ಬಿಚ್ಚುವ ಅಗತ್ಯವಿಲ್ಲ. ಇದನ್ನು ಮನೆಯವರಿಗೆ ಒತ್ತಿ ಹೇಳಿ, ಏಕೆಂದರೆ ಸ್ನಾನಕ್ಕೆ ಬಿಚ್ಚಿದ್ದು ಎಷ್ಟೋ ಸಲ ದೇವರ ಗೂಡಿನಲ್ಲೋ ಕಿಟಕಿಯಲ್ಲೋ ವಾರವಿಡೀ ಉಳಿದುಬಿಡುತ್ತದೆ.

ಸಾಧನ ಕೈಯಲ್ಲಿತ್ತೋ ಕಿಟಕಿಯಲ್ಲಿತ್ತೋ ಎಂದು ಕಂಡುಹಿಡಿಯುವುದು ಹೇಗೆ? 60 ನಿಮಿಷಕ್ಕೂ ಹೆಚ್ಚು ಹೊತ್ತು ಮೂರೂ ದಿಕ್ಕಿನ ಅಂಕಿಗಳ ಏರಿಳಿತ 13 ಮಿಲಿ-ಜಿಗಿಂತ ಕಡಿಮೆ ಇದ್ದರೆ ಕೈಯಲ್ಲಿರಲಿಲ್ಲ ಎಂದು ಬಯೋಬ್ಯಾಂಕ್ ತಂಡ ಲೆಕ್ಕ ಹಿಡಿಯಿತು. ಇದು ಸಾಮಾನ್ಯವಾಗಿ ಸರಿಹೋಗುತ್ತದೆ. ತಪ್ಪುವುದು ಹಾಸಿಗೆ ಹಿಡಿದವರಲ್ಲಿ, ಗಾಢ ನಿದ್ದೆಯ ಮಾತ್ರೆ ತೆಗೆದುಕೊಳ್ಳುವವರಲ್ಲಿ. ಅವರ ಕೈ ಒಂದು ಗಂಟೆ ಅಲುಗದೇ ಇರಬಹುದು. ಹಾಗಾದರೆ ಉಷ್ಣತೆ ನೋಡೋಣ ಅನ್ನಿಸುತ್ತದೆ. ಇಂಗ್ಲೆಂಡಿನ ಮನೆಯಲ್ಲಿ ಬಿಚ್ಚಿಟ್ಟ ಸಾಧನ ಬೇಗ ತಣ್ಣಗಾಗುತ್ತದೆ, ಗೆರೆ ಕೆಳಗಿಳಿಯುತ್ತದೆ. ರಾಯಚೂರಿನ ಏಪ್ರಿಲ್‌ನಲ್ಲಿ ಕೋಣೆಯ ಬಿಸಿಯೂ ಚರ್ಮದ ಬಿಸಿಯೂ ಹತ್ತಿರ ಹತ್ತಿರ ಒಂದೇ, ಗೆರೆ ಅಲುಗುವುದೇ ಇಲ್ಲ. ಆದ್ದರಿಂದ ನಮ್ಮಲ್ಲಿ ಮನೆಯವರು ಬರೆದಿಡುವ ಚೀಟಿಗೆ ಬೆಲೆ ಜಾಸ್ತಿ. ದೊಡ್ಡ ಅಕ್ಷರದ ಒಂದೇ ಹಾಳೆ, ಮೂರೇ ಕಲಂ: ಬಿಚ್ಚಿದ್ದು, ಕಟ್ಟಿದ್ದು, ಮಲಗಿದ್ದು.

ಈಗ ಕೈ. ಬಳೆ ತೊಟ್ಟ ಕೈಗೆ ಎಎಕ್ಸ್3 ಕಟ್ಟಿದಾಗ ಏನಾಗುತ್ತದೆಂದು ಕಚ್ಚಾ ಅಂಕಿಯ ಗ್ರಾಫ್ ತೆರೆದು ನೋಡಿ. ಕೈ ಸುಮ್ಮನೆ ತೊಡೆಯ ಮೇಲಿದ್ದಾಗ ಮೂರು ಗೆರೆಗಳು ಸಮನಾಗಿ ಹರಿಯುತ್ತವೆ; ಮೂರನ್ನೂ ಕೂಡಿಸಿ ತೆಗೆದ ಒಟ್ಟು ಬಲ 1 ಜಿ, ಅಂದರೆ ಭೂಮಿಯ ಸೆಳೆತ ಮಾತ್ರ. ಕೈ ಎತ್ತಿದರೆ ಗೆರೆಗಳು ನಿಧಾನಕ್ಕೆ ಜಾಗ ಬದಲಿಸುತ್ತವೆ. ಗಾಜಿನ ಬಳೆ ಡಬ್ಬಿಗೆ ತಾಗಿದ ಕ್ಷಣ ಅದೇ ಗೆರೆಯ ಮೇಲೆ ಚೂಪಾದ ಮುಳ್ಳುಗಳು ಏಳುತ್ತವೆ, ಒಂದೊಂದೂ ಸೆಕೆಂಡಿನ ನೂರರ ಒಂದೆರಡು ಪಾಲು ಹೊತ್ತು. ಮಧ್ಯಮ ವೇಗದ ನಡಿಗೆಗೂ ಏಳದಷ್ಟು ಎತ್ತರದ ಮುಳ್ಳು, ತಟ್ಟೆ ಒರೆಸುವಾಗ ಏಳುತ್ತದೆ. ದಿನದ ಸರಾಸರಿ ತೆಗೆದಾಗ ಬಳೆ ಇರುವವರು ಇಲ್ಲದವರಿಗಿಂತ ಹೆಚ್ಚು ಚುರುಕಾಗಿ ಕಾಣುತ್ತಾರೆ. ಬಳೆ ತೆಗೆಯಿರಿ ಎಂದು ಕೇಳುವುದು ತಪ್ಪು. ಎಷ್ಟೋ ಮುತ್ತೈದೆಯರಿಗೆ ಅದು ನೋವಿನ ಮಾತು. ಸೆನ್ಸರ್ ಬಳೆಗಳಿಗಿಂತ ಮೇಲೆ, ಮೊಣಕೈ ಕಡೆಗೆ ಎರಡು ಬೆರಳು ಸರಿಸಿ ಕಟ್ಟಿ, ಬಟ್ಟೆಯ ಮೃದು ಪಟ್ಟಿ ಬಳಸಿ. ಬಳೆ ಇತ್ತೇ, ಎಷ್ಟು, ಗಾಜೋ ಚಿನ್ನವೋ ಎಂದು ಫಾರಂನಲ್ಲಿ ಬರೆದುಕೊಳ್ಳಿ. ಸಿಲಿಕೋನ್ ಪಟ್ಟಿ ಸೆಕೆಯಲ್ಲಿ ತುರಿಕೆ ತರುತ್ತದೆ. ಮುಪ್ಪಿನ ಚರ್ಮ ತೆಳುವಾಗಿರುವುದರಿಂದ ಗಾಯವಾಗುವುದೂ ಬೇಗ.

ಹೆಜ್ಜೆ ಲೆಕ್ಕದ ಬಗ್ಗೆ ನಮಗೆ ದೊಡ್ಡ ತಕರಾರಿದೆ, ಸಾಧನದ ಮೇಲಲ್ಲ, ಅದರ ಮೇಲೆ ಓಡಿಸುವ ಸೂತ್ರಗಳ ಮೇಲೆ. ಮಣಿಕಟ್ಟಿನಿಂದ ಹೆಜ್ಜೆ ಗುರುತಿಸುವುದು ಬಹುಮಟ್ಟಿಗೆ ಕೈ ಬೀಸುವುದನ್ನು ನೋಡಿ. ತಲೆಯ ಮೇಲೆ ಹೊರೆ ಹಿಡಿದು ನಡೆಯುವವರ ಕೈ ಬೀಸುವುದಿಲ್ಲ. ಸೊಂಟದಲ್ಲಿ ಕೊಡ ಇಟ್ಟವರದ್ದೂ ಅಷ್ಟೇ. ಹಿಂದೆ ಕೈ ಕಟ್ಟಿಕೊಂಡು ನಿಧಾನಕ್ಕೆ ನಡೆಯುವ ಅಜ್ಜಂದಿರ ನಡಿಗೆ, ಊರುಗೋಲು, ವಾಕರ್, ಪಾರ್ಕಿನ್ಸನ್ಸ್ ಎಂಬ ನಡುಕದ ಕಾಯಿಲೆಯಲ್ಲಿ ಕಾಲೆಳೆದು ನಡೆಯುವುದು, ಇವೆಲ್ಲದರಲ್ಲೂ ಹೆಜ್ಜೆ ಕಡಿಮೆ ಬೀಳುತ್ತದೆ. ಇದಕ್ಕೆ ತದ್ವಿರುದ್ಧ ಕೂತಲ್ಲೇ ಮಾಡುವ ಕೆಲಸ: ಹೂ ಕಟ್ಟುವುದು, ಬೀಡಿ ಸುತ್ತುವುದು, ರಾಗಿ ಮುದ್ದೆ ತೊಳಸುವುದು, ಹಾಲು ಕರೆಯುವುದು. ಹಾಲು ಕರೆಯುವ ಲಯ ಸೆಕೆಂಡಿಗೆ ಒಂದೆರಡು ಸಲದ ಹದವಾದ ಬಡಿತ, ನಡಿಗೆಯ ಲಯಕ್ಕೆ ತೀರ ಹತ್ತಿರ. ಪಾರ್ಕಿನ್ಸನ್ಸ್‌ನ ವಿಶ್ರಾಂತಿ ನಡುಕ 4ರಿಂದ 6 ಹರ್ಟ್ಸ್‌ನಲ್ಲಿರುವುದರಿಂದ ಅದನ್ನು ಸೋಸಿ ತೆಗೆಯಬಹುದು, ಹಾಲು ಕರೆಯುವುದನ್ನು ಹಾಗೆ ಸುಲಭಕ್ಕೆ ತೆಗೆಯಲಾಗದು.

ಇನ್ನೊಂದು ವಿಷಯ. ಈ ಫೈಲುಗಳನ್ನು ವಿಶ್ಲೇಷಿಸಲು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ಉಚಿತವಾಗಿ ಕೊಡುವ ಪೈಥಾನ್ ತಂತ್ರಾಂಶ ‘ಕೂತಿದ್ದಾರೆ, ಮಲಗಿದ್ದಾರೆ, ಹಗುರ ಕೆಲಸ, ಜೋರು ಕೆಲಸ’ ಎಂದು ದಿನವನ್ನು ಹಂಚಿಕೊಡುತ್ತದೆ. ಕೆಲಸ ಅಚ್ಚುಕಟ್ಟು. ಆದರೆ ಅದು ಪಾಠ ಕಲಿತದ್ದು ಆಕ್ಸ್‌ಫರ್ಡ್‌ಷೈರ್‌ನ 151 ಜನ ಮೈಮೇಲೆ ಪುಟ್ಟ ಕ್ಯಾಮೆರಾ ಹಾಕಿಕೊಂಡು ಕಳೆದ ದಿನಗಳಿಂದ. ಒರಳು, ಬಟ್ಟೆ ಒಗೆಯುವ ಕಲ್ಲು, ರೇಷ್ಮೆ ಹುಳುವಿಗೆ ಸೊಪ್ಪು ಹಾಕುವ ಕೈ ಅದಕ್ಕೆ ಗೊತ್ತಿಲ್ಲ. ನಿಮ್ಮ ಅಧ್ಯಯನಕ್ಕೆ ಹೆಜ್ಜೆಯೋ ಕೆಲಸದ ಬಗೆಯೋ ಮುಖ್ಯ ಅಳತೆಯಾದರೆ ನಿಮ್ಮ ಊರಿನವರ ಮೇಲೆಯೇ ಒಂದು ತಾಳೆ ನೋಡದೆ ಮುಂದೆ ಹೋಗಬೇಡಿ. 20-30 ಹಿರಿಯರು ಸಾಕು. ಸೆನ್ಸರ್ ಕಟ್ಟಿ, ಒಪ್ಪಿಗೆ ಪಡೆದು ವಿಡಿಯೊ ಹಿಡಿಯಿರಿ: ಅವರ ಸಹಜ ವೇಗದಲ್ಲಿ 6 ನಿಮಿಷ ನಡಿಗೆ, ಕೋಲಿನೊಂದಿಗೆ, ಕೊಡದೊಂದಿಗೆ, ಆಮೇಲೆ ಕೂತು ಮಾಡುವ ದಿನನಿತ್ಯದ ಎರಡು ಕೆಲಸ. ಶುರುವಿನಲ್ಲಿ ಕ್ಯಾಮೆರಾ ಮುಂದೆ ಸೆನ್ಸರನ್ನು ಮೂರು ಸಲ ಜೋರಾಗಿ ಅಲುಗಿಸಿ. ಗ್ರಾಫಿನಲ್ಲಿ ಆ ಮೂರು ಗುಡ್ಡ ಕಂಡ ಜಾಗಕ್ಕೆ ವಿಡಿಯೊದ ಸಮಯ ಹೊಂದಿಸಬಹುದು. ಹೆಜ್ಜೆಗಳನ್ನು ಇಬ್ಬರು ಬೇರೆ ಬೇರೆ ಕೂತು ಎಣಿಸಲಿ.

ಅದೇ ಆಕ್ಸ್‌ಫರ್ಡ್ ತಂತ್ರಾಂಶದಲ್ಲಿ ಸದ್ದಿಲ್ಲದೆ ಕೂತಿರುವ ಇನ್ನೊಂದು ಆಯ್ಕೆ ಸಮಯ ವಲಯ. ಏನೂ ಹೇಳದಿದ್ದರೆ ಅದು ಲಂಡನ್ ಸಮಯ ಅಂದುಕೊಳ್ಳುತ್ತದೆ. ಬೇಸಿಗೆಯ ಗಡಿಯಾರ ಬದಲಾಗುವ ಮಾರ್ಚ್ ಕೊನೆಯ ಭಾನುವಾರ, ಅಕ್ಟೋಬರ್ ಕೊನೆಯ ಭಾನುವಾರ ನಿಮ್ಮ ಫೈಲಿನ ಮಧ್ಯೆ ಬಂದರೆ ಅಲ್ಲಿಂದಾಚೆಗೆ ಎಲ್ಲವೂ ಒಂದು ಗಂಟೆ ಸರಿಯುತ್ತದೆ. ಮಂಡ್ಯದ ಅಜ್ಜ ಇದ್ದಕ್ಕಿದ್ದಂತೆ ಒಂದು ಗಂಟೆ ವ್ಯತ್ಯಾಸದಲ್ಲಿ ಏಳತೊಡಗಿದಂತೆ ಕಾಣುತ್ತದೆ. ಏಷ್ಯಾ/ಕೋಲ್ಕತಾ ಎಂದು ಬರೆಯುವುದನ್ನು ಮರೆಯಬೇಡಿ. ಇದೇ ಕೆಲಸಕ್ಕೆ ಆರ್ ಎಂಬ ಕಂಪ್ಯೂಟರ್ ಭಾಷೆಯ ಜಿಜಿಐಆರ್ ತಂತ್ರಾಂಶ ಬಳಸುವವರೂ ವಲಯವನ್ನು ಕೈಯಾರೆ ಬರೆದೇ ಬಿಡಿ.

ಹಾಗಾದರೆ ಮಣಿಕಟ್ಟಿನ ಎಎಕ್ಸ್3 ಯಾವುದಕ್ಕೆ ನಂಬಿಕಸ್ತ? ಹಗಲು ರಾತ್ರಿಯ ಲಯಕ್ಕೆ. ಡಿಮೆನ್ಶಿಯಾ ಸಂಶೋಧಕರಿಗೆ ಇದು ಸಣ್ಣ ವಿಷಯವಲ್ಲ. ಅಮೆರಿಕದಲ್ಲಿ 1,282 ಆರೋಗ್ಯವಂತ ವೃದ್ಧೆಯರ ಕೈಗೆ ಇದೇ ಬಗೆಯ ಬೇರೆ ಸಾಧನ ಕಟ್ಟಿ, ಸುಮಾರು 5 ವರ್ಷ ಕಾದು, 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಗಲಿರುಳ ಲಯ ದುರ್ಬಲವಾಗಿದ್ದವರಿಗೆ ಡಿಮೆನ್ಶಿಯಾ ಅಥವಾ ಅದರ ಮುಂಚಿನ ಮರೆವು ಬರುವ ಸಾಧ್ಯತೆ ಹೆಚ್ಚು ಕಂಡಿತು. ಶಿಕಾಗೊದ ರಶ್ ವಿಶ್ವವಿದ್ಯಾಲಯದ ತಂಡ 2013ರಲ್ಲಿ 737 ಹಿರಿಯರ ದಾಖಲೆ ಮುಂದಿಟ್ಟಿತು: ನಿದ್ದೆ ತೀರಾ ತುಂಡಾಗಿದ್ದವರಿಗೆ ನಿದ್ದೆ ಗಟ್ಟಿಯಿದ್ದವರಿಗಿಂತ ಅಲ್‌ಝೈಮರ್ ಕಾಯಿಲೆಯ (ಡಿಮೆನ್ಶಿಯಾದ ಮುಖ್ಯ ಬಗೆ) ಅಪಾಯ ಸುಮಾರು ಒಂದೂವರೆ ಪಟ್ಟು.

ಒಂದು ಒಳ್ಳೆಯ ರಾತ್ರಿ ಎಎಕ್ಸ್3 ಫೈಲಿನಲ್ಲಿ ಹೀಗಿರುತ್ತದೆ: ಹತ್ತು ಗಂಟೆಯ ಹೊತ್ತಿಗೆ ಮೂರು ಗೆರೆಗಳೂ ಮಟ್ಟಸವಾಗುತ್ತವೆ. ಅರ್ಧ ಗಂಟೆ, ಮುಕ್ಕಾಲು ಗಂಟೆಗೊಮ್ಮೆ ಮಗ್ಗಲು ಬದಲಿಸಿದಾಗ ಗೆರೆಗಳು ಒಂದು ಮೆಟ್ಟಿಲು ಹಾರಿ ಮತ್ತೆ ಮಟ್ಟಸ. ಜಿಜಿಐಆರ್ ನೋಡುವುದು ಇದನ್ನೇ: ತೋಳಿನ ಕೋನ 5 ಡಿಗ್ರಿಗಿಂತ ಹೆಚ್ಚು ಬದಲಾಗದೆ 5 ನಿಮಿಷ ಕಳೆದರೆ ಅದನ್ನು ನಿದ್ದೆಯ ತುಣುಕಾಗಿ ಹಿಡಿಯುತ್ತದೆ. ಬಲದ ಅಳತೆಯ ಬದಲು ಕೋನ ನೋಡುವುದರಿಂದ ಸಾಧನಗಳ ನಡುವಿನ ಚಿಕ್ಕಪುಟ್ಟ ವ್ಯತ್ಯಾಸ ಅಷ್ಟಾಗಿ ಕಾಡುವುದಿಲ್ಲ. ಇದರ ಕುಂದು ಎಂದರೆ ಎಚ್ಚರವಿದ್ದೂ ಅಲುಗದೆ ಮಲಗಿದವರನ್ನು ನಿದ್ದೆ ಮಾಡುತ್ತಿದ್ದಾರೆ ಅನ್ನುತ್ತದೆ. ಹಗಲಲ್ಲಿ ಟಿವಿ ಮುಂದೆ ಕಲ್ಲಿನಂತೆ ಕೂತವರನ್ನೂ ಅಷ್ಟೇ. ಮಧ್ಯಾಹ್ನದ ನಿದ್ದೆಯನ್ನು ಅಳೆಯುವುದೇ ನಿಮ್ಮ ಉದ್ದೇಶವಾದರೆ ಮನೆಯವರ ಚೀಟಿ ಇಲ್ಲದೆ ಮಣಿಕಟ್ಟಿನ ಅಂಕಿಯನ್ನು ನಂಬಬೇಡಿ.

ಲಯಕ್ಕೆ ಮೂರು ಅಂಕಿ ತೆಗೆಯಿರಿ. ದಿನದಿಂದ ದಿನಕ್ಕೆ ವೇಳಾಪಟ್ಟಿ ಎಷ್ಟು ಒಂದೇ ಥರ ಇದೆ ಎಂಬುದು ಮೊದಲನೆಯದು, 0ಯಿಂದ 1ರವರೆಗೆ. ದಿನದೊಳಗೆ ಚಟುವಟಿಕೆ ಎಷ್ಟು ಚೂರುಚೂರಾಗಿದೆ ಎಂಬುದು ಎರಡನೆಯದು. ಮೂರನೆಯದು ಅತಿ ಚುರುಕಾದ 10 ಗಂಟೆಗೂ ಅತಿ ನಿಶ್ಚಲವಾದ 5 ಗಂಟೆಗೂ ಇರುವ ಅಂತರವನ್ನು ಆ ಎರಡರ ಮೊತ್ತದಿಂದ ಭಾಗಿಸಿದ್ದು. ಮೂರನೆಯ ಅಂಕಿಯಲ್ಲಿ ಆ ಮನುಷ್ಯನ ಹಗಲನ್ನು ಅವನ ರಾತ್ರಿಗೇ ಹೋಲಿಸುವುದರಿಂದ ಊರು, ಉದ್ಯೋಗಗಳ ವ್ಯತ್ಯಾಸ ಸ್ವಲ್ಪ ಮಟ್ಟಿಗೆ ತಗ್ಗುತ್ತದೆ. ಮೊದಲನೆಯದಕ್ಕೆ ಮಾತ್ರ 7 ದಿನ ಪೂರ್ತಿ ಬೇಕು. ಒಟ್ಟಾರೆ ಚಟುವಟಿಕೆಯ ಸರಾಸರಿಗೆ ಬಯೋಬ್ಯಾಂಕ್ 72 ಗಂಟೆಯ ದಾಖಲೆಯನ್ನೂ ಒಪ್ಪಿತ್ತು, ದಿನದ 24 ಗಂಟೆಗಳಲ್ಲಿ ಪ್ರತಿ ಗಂಟೆಗೂ ಎಲ್ಲಾದರೂ ಒಂದು ಕಡೆ ಅಂಕಿ ಇರಬೇಕೆಂಬ ಷರತ್ತಿನ ಮೇಲೆ. ಜಾತ್ರೆ, ಹಬ್ಬ, ಮನೆಯಲ್ಲಿ ಸಾವು, ಮಾವಿನ ಕೊಯ್ಲು ಇರುವ ವಾರ ಬಂದರೆ ಸೆನ್ಸರ್ ಕಟ್ಟುವುದನ್ನು ಮುಂದಕ್ಕೆ ಹಾಕಿ.

ನಡಿಗೆಯೇ ಮುಖ್ಯ ಅನ್ನುವವರು ಅದೇ ಸಾಧನವನ್ನು ಸೊಂಟದ ಹಿಂಭಾಗದಲ್ಲಿ, ಬೆನ್ನುಮೂಳೆಯ ಕೆಳತುದಿಯ ಹತ್ತಿರ ಅಂಟಿಸಬೇಕು. ನ್ಯೂಕಾಸಲ್‌ನ ತಂಡಗಳು ಡಿಮೆನ್ಶಿಯಾದಲ್ಲಿ ನಡಿಗೆ ಅಳೆದದ್ದು ಹಾಗೆ. ಅಲ್ಲಿ ಕೈ ಬೀಸದಿದ್ದರೂ ಹೆಜ್ಜೆ ಸಿಗುತ್ತದೆ, ಹೆಜ್ಜೆಯಿಂದ ಹೆಜ್ಜೆಗೆ ಸಮಯ ಎಷ್ಟು ಏರುಪೇರಾಗುತ್ತದೆ ಎಂಬುದೂ ಸಿಗುತ್ತದೆ. ಕಷ್ಟ ಇರುವುದು ಅಂಟಿನಲ್ಲಿ. ನಮ್ಮ ಸೆಕೆಗೆ, ಎಣ್ಣೆ ಸ್ನಾನಕ್ಕೆ, ಸೀರೆಯ ಕಟ್ಟಿಗೆ ಅದು 7 ದಿನ ನಿಲ್ಲುವುದು ಕಷ್ಟ. 3 ದಿನಕ್ಕೊಮ್ಮೆ ಯಾರಾದರೂ ಹೋಗಿ ಚರ್ಮ ನೋಡಿ ಬದಲಿಸಬೇಕು. ತಿರುಗುವಿಕೆ ಅಳೆಯುವ ಗೈರೊಸ್ಕೋಪ್ ಬೇಕಾದರೆ ಎಎಕ್ಸ್6 ಇದೆ. ಲಯ, ನಿದ್ದೆಗೆ ಅದರ ಅಗತ್ಯವಿಲ್ಲ, ಗೈರೊಸ್ಕೋಪ್ ಹಾಕಿದರೆ ಬ್ಯಾಟರಿಯೂ ಬೇಗ ಇಳಿಯುತ್ತದೆ.

ಡಿಮೆನ್ಶಿಯಾ ಈಗಾಗಲೇ ಇರುವವರಿಗೆ ಕಟ್ಟುವಾಗ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಬಿಚ್ಚಲಾಗದ ಆಸ್ಪತ್ರೆ ಪಟ್ಟಿ ಬಳಸಿದರೆ ದತ್ತಾಂಶ ಪೂರ್ತಿ ಬರುತ್ತದೆಂದು ಸಲಹೆ ಕೊಡುವವರಿದ್ದಾರೆ. ಬೇಡ. ಕೈಯನ್ನು ಮತ್ತೆ ಮತ್ತೆ ಕೆರೆದು ಎಳೆಯುವುದು ಅವರು ‘ಒಲ್ಲೆ’ ಅನ್ನುವ ರೀತಿ. ಕುಟುಂಬದವರು ಸಹಿ ಹಾಕಿದ್ದರೂ ಆ ನಿರಾಕರಣೆಗೆ ಬೆಲೆ ಕೊಡಬೇಕು. ಮೊದಲು ಒಂದು ದಿನ ಖಾಲಿ ಪಟ್ಟಿ ಕಟ್ಟಿ ನೋಡಿ. ಒಗ್ಗಿದರೆ ಸೆನ್ಸರ್ ಸೇರಿಸಿ. ಹಳೆಯ ವಾಚು ಕಟ್ಟುವ ಅಭ್ಯಾಸವಿದ್ದವರಿಗೆ ಅದೇ ಕೈ ಆರಿಸಿದರೆ ಹೆಚ್ಚು ಹೊತ್ತು ಉಳಿಯುತ್ತದೆ. ಯಾವ ಕೈ ಎಂಬುದನ್ನು ಬರೆದುಕೊಳ್ಳಿ, ಮುಂದಿನ ಸುತ್ತಿನಲ್ಲೂ ಅದೇ ಇರಲಿ. ಮನೆಯವರು ‘ನಮ್ಮಮ್ಮನಿಗೆ ಮರೆವು ಬರುತ್ತದಾ, ಇದರಲ್ಲಿ ಏನು ಬಂತು?’ ಎಂದು ಖಂಡಿತ ಕೇಳುತ್ತಾರೆ. ಒಬ್ಬ ವ್ಯಕ್ತಿಯ ಒಂದು ವಾರದ ಫೈಲಿನಿಂದ ಅದನ್ನು ಹೇಳಲಾಗದು ಎಂದು ಕಟ್ಟುವ ದಿನವೇ ಕನ್ನಡದಲ್ಲಿ, ಬಿಡಿಸಿ ಹೇಳಿ.

ಎಷ್ಟು ಕೊಳ್ಳಬೇಕು? ಕಟ್ಟಿದ್ದು 9 ದಿನ, ತಲುಪಿಸಿ ವಾಪಸ್ ತರಲು 3, ಡೌನ್‌ಲೋಡ್ ಮತ್ತು ಚಾರ್ಜಿಗೆ 2 ದಿನ ಅಂದರೆ ಒಂದು ಸುತ್ತು 14 ದಿನ. 20 ಸಾಧನಕ್ಕೆ ತಿಂಗಳಿಗೆ 40 ಜನ. ಕಳೆದುಹೋಗುವುದಕ್ಕೆ ಇನ್ನೆರಡು ಸೇರಿಸಿ. ಹೊರದೇಶದಿಂದ ತರಿಸುವುದರಿಂದ ಕಸ್ಟಮ್ಸ್ ಸುಂಕವನ್ನು ಬಜೆಟ್‌ನಲ್ಲಿ ಮೊದಲೇ ಬರೆಯಿರಿ. ಒಟ್ಟಿಗೆ ಹತ್ತಾರು ಸಾಧನ ಹಾಕಲು ತನ್ನದೇ ಪ್ಲಗ್ ಇರುವ ಯುಎಸ್‌ಬಿ ಹಬ್ ಬೇಕು, ಲ್ಯಾಪ್‌ಟಾಪಿನ ಕರೆಂಟಷ್ಟೇ ಸಾಲದು. ಮೈಕ್ರೊ ಯುಎಸ್‌ಬಿ ಕೇಬಲ್ ಕೊಳ್ಳುವಾಗ ಡೇಟಾ ಹೋಗುವ ಕೇಬಲ್ ಎಂದು ಕೇಳಿ ಕೊಳ್ಳಿ. ಚಾರ್ಜಿಂಗ್ ಮಾತ್ರ ಆಗುವ ಅಗ್ಗದ ಕೇಬಲ್ ಹಾಕಿ, ಓಎಂಜಿಯುಐಯಲ್ಲಿ ಕಾಣುತ್ತಿಲ್ಲವೆಂದು ಸರಿಯಾಗಿರುವ ಸಾಧನವನ್ನೇ ಕೆಟ್ಟಿದೆಯೆಂದು ಬದಿಗಿಡುವುದು ಬಹಳ ಕಡೆ ನಡೆಯುತ್ತದೆ.